ಓದುಗರ ಪ್ರಶ್ನೆ: ಶ್ರೀಗಂಧದ ಪರಿಮಳವನ್ನು ಕೊಳ್ಳುವ ಮುನ್ನ, ಹಚ್ಚಿಕೊಳ್ಳುವ ಮುನ್ನ

ಕಳೆದ ಸಂಚಿಕೆಯಲ್ಲಿ ಮದುವೆಮನೆಯ ಅತ್ತರು, ಗುಲಾಬದಾನಿಗಳ ಬಗ್ಗೆ ಬರೆಯುತ್ತ ಶ್ರೀಗಂಧದ ಮಾತನ್ನು ಎರಡು ಸಾಲಿನಲ್ಲಿ ಮುಗಿಸಿದ್ದೆ. ಅದು ಸಾಲದೆಂದು ಓದುಗರಿಗೆ ಅನ್ನಿಸಿರಬೇಕು; ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅದೊಂದನ್ನೇ ಕುರಿತಿವೆ. ಒಂದೇ ಪ್ರಶ್ನೆಯನ್ನು ಹಲವರು ಕೇಳಿದ ಕಡೆ ಒಂದು ಪತ್ರವನ್ನು ಮಾತ್ರ ಆರಿಸಿಕೊಂಡಿದ್ದೇನೆ. ಹೆಸರು ಬೇಡವೆಂದು ಕೆಲವರು ಕೋರಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿರುವ ಮಗಳು ರಜೆಗೆ ಬಂದಾಗ ಹುಬ್ಬಳ್ಳಿಯ ಒಂದು ದೊಡ್ಡ ಮಳಿಗೆಗೆ ಕರೆದೊಯ್ದು ನನಗೆ ಶ್ರೀಗಂಧದ ಪರ್ಫ್ಯೂಮ್ ಕೊಡಿಸಿದಳು. ಅಂಗಡಿಯಲ್ಲಿ ಕಾಗದದ ಪಟ್ಟಿಗೆ ಸಿಂಪಡಿಸಿ ಮೂಸಿದಾಗ ನಿಂಬೆ ಮತ್ತು ಯಾಲಕ್ಕಿಯ ಹಿತವಾದ ಘಮವಿತ್ತು. ಮನೆಗೆ ಬಂದು ಹಚ್ಚಿಕೊಂಡ ಅರ್ಧ ಗಂಟೆಗೆ ಆಗತಾನೇ ಹೆರೆದ ಪೆನ್ಸಿಲ್ಲಿನ ವಾಸನೆ ಬರತೊಡಗಿತು. ರಾತ್ರಿ ಮಲಗುವ ಹೊತ್ತಿಗೆ ಮಾತ್ರ ಮಣಿಕಟ್ಟಿನಲ್ಲಿ ಗಂಧದ ಛಾಯೆ ಇತ್ತು. ನಾವು ಮೋಸ ಹೋದೆವೇ?
(ನಿವೃತ್ತ ಶಿಕ್ಷಕಿ, ಸಪ್ತಾಪುರ, ಧಾರವಾಡ)

ಉತ್ತರ: ಮೋಸವಾಗಿಲ್ಲ, ಅವಸರವಾಗಿದೆ. ಬಾಟಲಿಯೊಳಗಿನ ಪರಿಮಳಗಳೆಲ್ಲ ಒಂದೇ ವೇಗದಲ್ಲಿ ಆರುವುದಿಲ್ಲ. ನಿಂಬೆ, ಕಿತ್ತಳೆಗಳ ಸಿಪ್ಪೆಯಿಂದ ಬರುವ ಎಣ್ಣೆಗಳು ಬಲು ಹಗುರವಾದವು. ಕಾಲು ಗಂಟೆಯೊಳಗೆ ಹಾರಿಹೋಗುತ್ತವೆ. ಮಸಾಲೆ ಮತ್ತು ಹೂವಿನ ಪರಿಮಳಗಳು ಅವುಗಳಿಗಿಂತ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತವೆ. ಶ್ರೀಗಂಧದ ಕಂಪಿಗೆ ಕಾರಣವಾದ ಸ್ಯಾಂಟಲಾಲ್ ಎಂಬುದು ಭಾರವಾದ ಅಣು. ಅದು ಕುದಿಯಬೇಕಾದರೆ 300 ಡಿಗ್ರಿ ಸೆಲ್ಸಿಯಸ್‌ನಷ್ಟು ಶಾಖ ಬೇಕು. ಇಂಥ ವಸ್ತು ನಮ್ಮ ಮೈಯ ಬಿಸುಪಿಗೆ ನಿಧಾನವಾಗಿಯೇ ಬಿಟ್ಟುಕೊಳ್ಳುತ್ತದೆ, ಬಿಟ್ಟುಕೊಳ್ಳತೊಡಗಿದ ಮೇಲೆ ಗಂಟೆಗಟ್ಟಲೆ ಇರುತ್ತದೆ. ಅಂಗಡಿಯಲ್ಲಿ ನೀವು ಮೂಸಿದ್ದು ನಿಂಬೆಯನ್ನು, ಬೆಲೆ ಕೊಟ್ಟದ್ದು ಗಂಧಕ್ಕೆ. ಇವೆರಡೂ ಭೇಟಿಯಾಗುವ ಮೊದಲೇ ರಸೀದಿ ಹರಿದು ಕೈಗೆ ಬಂದಿತ್ತು.

ಪೆನ್ಸಿಲ್ಲಿನ ವಾಸನೆ ಬಂದದ್ದು ಸೀಡರ್‌ನಿಂದ. ಹಿಂದಿನ ಕಾಲದ ಒಳ್ಳೆಯ ಪೆನ್ಸಿಲ್ಲುಗಳನ್ನು ಸೀಡರ್ ಎಂದು ಕರೆಯುವ ಮರಗಳಿಂದ ಮಾಡುತ್ತಿದ್ದರು. ಶಾಲೆಯಲ್ಲಿ ವರ್ಷಗಟ್ಟಲೆ ಮಕ್ಕಳ ಪೆನ್ಸಿಲ್ ಹೆರೆದುಕೊಟ್ಟ ನಿಮ್ಮ ಮೂಗು ಅದನ್ನು ತಪ್ಪದೆ ಗುರುತಿಸಿದೆ. ಶ್ರೀಗಂಧ ಒಂದನ್ನೇ ಬಳಸಿದರೆ ಪರಿಮಳ ತೀರ ಮೆತ್ತಗಾಗುತ್ತದೆ ಎಂದು ತಯಾರಕರು ಅದರ ಜೊತೆಗೆ ಬೇರೆ ಕಟ್ಟಿಗೆ, ಬೇರುಗಳ ಕಂಪನ್ನು ಸೇರಿಸುತ್ತಾರೆ. ಸೀಡರ್ ಸೇರಿದರೆ ಒಣಗಿದ ಹಲಗೆಯ ಗುಣ ಬರುತ್ತದೆ. ಲಾವಂಚ ಸೇರಿದರೆ ಮೊದಲ ಮಳೆಗೆ ನೆನೆದ ಬೇರಿನ ಗುಣ. ಊದ್, ಅಂದರೆ ಅಗರು ಸೇರಿದರೆ ಹೊಗೆಯ ಗುಣ. ವೆನಿಲಾ ಸೇರಿದ ಶ್ರೀಗಂಧ ಪಾಯಸದ ಕಡೆಗೆ ವಾಲುತ್ತದೆ, ಅದು ನನಗಂತೂ ಒಗ್ಗುವುದಿಲ್ಲ. ಗುಲಾಬಿಯೊಂದಿಗೆ ಶ್ರೀಗಂಧ ಹಳೆಯ ಜೋಡಿ, ಕೆಡುವುದು ಅಪರೂಪ. ಡಬ್ಬಿಯ ಮೇಲಿನ ವಿವರಣೆಯಲ್ಲಿ ಈ ಹೆಸರುಗಳು ಇರುತ್ತವೆ. ನಿಮಗೆ ಹಾಲುಹಾಲಾದ, ಮೆತ್ತನೆಯ ಗಂಧ ಬೇಕಿದ್ದರೆ ಸೀಡರ್ ಮತ್ತು ಲಾವಂಚಗಳ ಹೆಸರು ಮೊದಲಿಗೇ ಕಾಣುವ ಬಾಟಲಿಯನ್ನು ಕೆಳಗಿಡಬಹುದು.

ಮುಂದಿನ ಸಲ ಕೊಳ್ಳುವಾಗ ಹೀಗೆ ಮಾಡಿ. ಅಂದು ಮೈಗೆ ಬೇರೆ ಯಾವ ಪರಿಮಳವನ್ನೂ ಹಚ್ಚಿಕೊಳ್ಳದೆ ಹೋಗಿ. ದಾರಿಯಲ್ಲಿ ಮಿರ್ಚಿ ಭಜಿ ತಿಂದು ಕೈಯನ್ನು ಕಾಗದಕ್ಕೆ ಒರೆಸಿಕೊಂಡು ಹೋಗುವುದೂ ಬೇಡ. ಕಾಗದದ ಪಟ್ಟಿಯಿಂದ ಬೇಡದ್ದನ್ನು ಬಿಡುವುದಕ್ಕಷ್ಟೇ ಉಪಯೋಗ. ಉಳಿದವುಗಳಲ್ಲಿ ಎರಡನ್ನು ಮಾತ್ರ ಆರಿಸಿ, ಒಂದೊಂದನ್ನು ಒಂದೊಂದು ಮಣಿಕಟ್ಟಿಗೆ ಹಾಕಿಸಿಕೊಂಡು, ಏನನ್ನೂ ಕೊಳ್ಳದೆ ಹೊರಗೆ ಬನ್ನಿ. ಮಾರುವವರು ಕಾಫಿಬೀಜದ ಡಬ್ಬಿಯನ್ನು ಮೂಗಿಗೆ ಹಿಡಿದು ಮೂರನೆಯದಕ್ಕೆ, ನಾಲ್ಕನೆಯದಕ್ಕೆ ಅಣಿಗೊಳಿಸುತ್ತಾರೆ. ದಣಿದ ಮೂಗಿಗೆ ಅದಕ್ಕಿಂತ ಹೊರಗಿನ ಗಾಳಿ ಒಳ್ಳೆಯದು. ಬಸ್ಸು ಹಿಡಿದು ಧಾರವಾಡಕ್ಕೆ ಬಂದು, ಮನೆಗೆಲಸ ಮಾಡಿ, ಸಂಜೆಯ ಚಹಾ ಕುಡಿದ ಮೇಲೆ ಎರಡೂ ಕೈಗಳನ್ನು ಮೂಸಿ ನೋಡಿ. ಆ ಹೊತ್ತಿಗೆ ಯಾವ ಕೈ ಹಿತವೆನಿಸುತ್ತದೆಯೋ ಅದೇ ನಿಮ್ಮ ಬಾಟಲಿ. ಈಗ ಕೈಯಲ್ಲಿರುವುದನ್ನು ಎಸೆಯಬೇಕಾಗಿಲ್ಲ. ಸಮಾರಂಭಕ್ಕೆ ಹೋಗುವ ಎರಡು ಗಂಟೆ ಮೊದಲೇ ಹಚ್ಚಿಕೊಳ್ಳಿ. ಪೆನ್ಸಿಲ್ಲು ಮನೆಯಲ್ಲೇ ಉಳಿಯುತ್ತದೆ, ಗಂಧ ನಿಮ್ಮ ಜೊತೆ ಬರುತ್ತದೆ.

ಪ್ರಶ್ನೆ: ಷಾ ಬಜಾರಿನ ಕಡೆ ಹೋದಾಗ ಒಂದು ಅಂಗಡಿಯಲ್ಲಿ ಶ್ರೀಗಂಧದ ಅತ್ತರು ಎಂದು ಒಂದು ತೊಲದ ಸೀಸೆಯನ್ನು 250 ರೂಪಾಯಿಗೆ ಕೊಂಡೆ. “ಅಸಲಿ ಐತ್ರಿ ಸಾಹೇಬ್ರ, ಕೈಗೆ ಹಚ್ಚಿ ನೋಡ್ರಿ” ಎಂದು ಅಂಗಡಿಯವರು ಆಣೆ ಮಾಡಿ ಹೇಳಿದರು. ಪರಿಮಳವೇನೋ ಚೆನ್ನಾಗಿದೆ. ಇದು ನಿಜವಾದ ಶ್ರೀಗಂಧವೇ ಎಂದು ಮನೆಯಲ್ಲಿ ಪರೀಕ್ಷಿಸುವ ಉಪಾಯವಿದೆಯೇ?
(ಬಟ್ಟೆ ವ್ಯಾಪಾರಿ, ಹಳೇ ಹುಬ್ಬಳ್ಳಿ)

ಉತ್ತರ: ವ್ಯಾಪಾರಿಗಳಾದ ನಿಮಗೆ ಮೊದಲ ಪರೀಕ್ಷೆ ಲೆಕ್ಕದ್ದು. ಶುದ್ಧ ಶ್ರೀಗಂಧದ ಎಣ್ಣೆ ಕಿಲೋಗೆ ಲಕ್ಷಗಳ ಲೆಕ್ಕದಲ್ಲಿ ಮಾರಾಟವಾಗುವ ಸರಕು. ಕಡಿಮೆಯೆಂದು ಒಂದೇ ಲಕ್ಷ ಹಿಡಿಯೋಣ. ಗ್ರಾಮಿಗೆ ನೂರು ರೂಪಾಯಿ ಆಯಿತು, ಹನ್ನೊಂದೂವರೆ ಗ್ರಾಮಿನಷ್ಟಿರುವ ತೊಲಕ್ಕೆ ಸಾವಿರದ ನೂರೈವತ್ತು ದಾಟಿತು. ಸೀಸೆ, ಸಾಗಣೆ, ಅಂಗಡಿಯ ಬಾಡಿಗೆ ಇನ್ನೂ ಸೇರಿಲ್ಲ. ನೀವು ಬಟ್ಟೆಯನ್ನು ಖರೀದಿಯ ನಾಲ್ಕನೆಯ ಒಂದು ಪಾಲಿಗೆ ಮಾರಿದ್ದುಂಟೇ? ನೂರು ಕಿಲೋ ತಿರುಳಿನ ಪುಡಿಯನ್ನು ಎರಡು ಮೂರು ದಿನ ಬಟ್ಟಿ ಇಳಿಸಿದರೆ ಸಿಗುವುದು ನಾಲ್ಕೈದು ಕಿಲೋ ಎಣ್ಣೆ ಎಂಬುದನ್ನು ನೆನೆದರೆ ಈ ಬೆಲೆ ಯಾಕೆಂದು ತಿಳಿಯುತ್ತದೆ.

ಹಾಗಾದರೆ ಸೀಸೆಯಲ್ಲಿರುವುದೇನು? ಅತ್ತರಿನ ಹಳೆಯ ಪದ್ಧತಿಯಲ್ಲಿ, ಉತ್ತರ ಪ್ರದೇಶದ ಕನೌಜಿನಲ್ಲಿ ಇಂದಿಗೂ ನಡೆಯುವಂತೆ, ತಾಮ್ರದ ದೊಡ್ಡ ಹಂಡೆಯಲ್ಲಿ ಹೂವು, ನೀರು ಹಾಕಿ ಕೆಳಗೆ ಬೆಂಕಿ ಇಟ್ಟು, ಬರುವ ಹಬೆಯನ್ನು ಬಿದಿರಿನ ಕೊಳವೆಯ ಮೂಲಕ ಇನ್ನೊಂದು ಪಾತ್ರೆಗೆ ಹಾಯಿಸುತ್ತಾರೆ. ಹಂಡೆಗೆ ದೇಗ್ ಎಂದೂ ಹಬೆ ಇಳಿಯುವ ಪಾತ್ರೆಗೆ ಭಪ್ಕಾ ಎಂದೂ ಹೆಸರು. ಆ ಭಪ್ಕಾದಲ್ಲಿ ಮೊದಲೇ ಶ್ರೀಗಂಧದ ಎಣ್ಣೆ ಇರುತ್ತಿತ್ತು. ಹೂವಿನ ಸತ್ವವನ್ನು ಹಿಡಿದಿಡುವ ಕೆಲಸ ಅದರದು. ಆದ್ದರಿಂದ ನಮ್ಮ ಹಿರಿಯರು ಗುಲಾಬಿಯ ಅತ್ತರು, ಮಲ್ಲಿಗೆಯ ಅತ್ತರು ಎಂದು ಹಚ್ಚಿಕೊಂಡದ್ದರಲ್ಲೆಲ್ಲ ಒಳಗೆ ಶ್ರೀಗಂಧವೇ ಕೂತಿತ್ತು. ಬೆಲೆ ಏರಿದಂತೆ ಆ ಜಾಗಕ್ಕೆ ವಾಸನೆಯಿಲ್ಲದ ಪ್ಯಾರಾಫಿನ್ ಎಣ್ಣೆ ಬಂದಿತು, ಅದಕ್ಕೆ ಕೃತಕ ಗಂಧದ ಹನಿ ಬಿತ್ತು. ನಿಮ್ಮ 250 ರೂಪಾಯಿಯ ಸೀಸೆ ಈ ಜಾತಿಯದಾಗಿರುವುದೇ ಸಂಭವ.

ಕಾಗದಕ್ಕೆ ಹನಿ ಹಾಕಿ ಕಲೆ ಉಳಿಯುತ್ತದೆಯೇ ಎಂದು ನೋಡುವ ಉಪಾಯವನ್ನು ಹಲವರು ಹೇಳುತ್ತಾರೆ. ಅದು ನಿಂಬೆಹುಲ್ಲಿನ ಎಣ್ಣೆಗೆ ಸರಿ. ಶ್ರೀಗಂಧದ ಎಣ್ಣೆ ತಾನೇ ಬೇಗ ಆರದಿರುವಾಗ ಕಲೆಯನ್ನು ಕಂಡು ಏನನ್ನು ತೀರ್ಮಾನಿಸುವುದು? ಹಳೆಯ ಪ್ರಯೋಗಶಾಲೆಯ ಒಂದು ಪರೀಕ್ಷೆ ಇದೆ: ಶುದ್ಧ ಎಣ್ಣೆಯ ಒಂದು ಪಾಲು ಶೇಕಡಾ 70ರ ಮದ್ಯಸಾರದ ಐದು ಪಾಲಿನಲ್ಲಿ ತಿಳಿಯಾಗಿ ಕರಗುತ್ತದೆ, ಪ್ಯಾರಾಫಿನ್, ಕೊಬ್ಬರಿ ಎಣ್ಣೆಗಳು ಕರಗದೆ ಬೇರೆಯಾಗಿ ನಿಲ್ಲುತ್ತವೆ. ಕೃತಕ ಗಂಧದ್ರವ್ಯವೂ ಮದ್ಯಸಾರದಲ್ಲಿ ಕರಗುವುದರಿಂದ ಇದೂ ಪೂರ್ತಿ ಸಾಕ್ಷಿಯಲ್ಲ. ಕೊನೆಯ ಮಾತು ಎಣ್ಣೆಯ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೊಗ್ರಫಿ ಯಂತ್ರದ್ದು. ಸ್ಯಾಂಟಲಾಲ್‌ನಲ್ಲಿ ಆಲ್ಫಾ, ಬೀಟಾ ಎಂಬ ಎರಡು ಮುಖ್ಯ ಬಗೆಗಳಿವೆ. ಅಂತರರಾಷ್ಟ್ರೀಯ ಮಾನಕದ ಪ್ರಕಾರ ಎಣ್ಣೆಯಲ್ಲಿ ಆಲ್ಫಾ ಬಗೆಯದು ಶೇಕಡಾ 41ರಿಂದ 55, ಬೀಟಾ ಬಗೆಯದು ಶೇಕಡಾ 16ರಿಂದ 24 ಇರಬೇಕು. ದೊಡ್ಡ ಮೊತ್ತಕ್ಕೆ ಎಣ್ಣೆ ಕೊಳ್ಳುವವರು ತಾವು ಕೊಳ್ಳುವ ಆ ಸರಕಿನದೇ ಪರೀಕ್ಷಾ ವರದಿಯನ್ನು ಕೇಳಿ ಪಡೆಯಬೇಕು.

ಮೂಗಿನಿಂದ ಹೇಳಬಹುದಾದದ್ದು ಇಷ್ಟು. ಅಸಲಿ ಎಣ್ಣೆ ಸೀಸೆ ತೆರೆದೊಡನೆ ಮುಖಕ್ಕೆ ಬಡಿಯುವುದಿಲ್ಲ. ಮೊದಲಿಗೆ ಇದೇನು ಇಷ್ಟೇ ಎನ್ನಿಸುವಷ್ಟು ಸುಮ್ಮನಿರುತ್ತದೆ. ದಪ್ಪನಾದ, ತೆಳುಹಳದಿಯ ಎಣ್ಣೆ ಸೀಸೆಯ ಗೋಡೆಯಿಂದ ನಿಧಾನವಾಗಿ ಇಳಿಯುತ್ತದೆ. ಹಚ್ಚಿದ ಹತ್ತು ನಿಮಿಷಕ್ಕೆ ಹೇಗಿತ್ತೋ ನಾಲ್ಕು ಗಂಟೆಗೂ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ತೆರೆದ ಕೂಡಲೇ ಅಂಗಡಿಯೆಲ್ಲ ತುಂಬಿ, ಸಂಜೆಗೆ ಊದಿನಕಡ್ಡಿಯ ಬೂದಿಯಂತಾದರೆ ಅದು ಬೇರೆಯೇ ಸರಕು. ಸಗಣಿಯವನೊಡನೆ ಸರಸಕ್ಕಿಂತ ಗಂಧದವನೊಡನೆ ಗುದ್ದಾಟ ಲೇಸೆಂಬ ಗಾದೆ ಇದ್ದರೂ, 250 ರೂಪಾಯಿಗಾಗಿ ಅಂಗಡಿಯವರೊಡನೆ ಗುದ್ದಾಡಲು ಹೋಗಬೇಡಿ. ಪರಿಮಳ ಹಿಡಿಸಿದ್ದರೆ ಅಷ್ಟು ಬೆಲೆಗೆ ಅದು ನಷ್ಟವೇನಲ್ಲ. ಅದನ್ನು ಶ್ರೀಗಂಧವೆಂದು ಬೀಗರಿಗೆ ಉಡುಗೊರೆ ಕೊಡದಿದ್ದರೆ ಆಯಿತು.

ಪ್ರಶ್ನೆ: ವಿದೇಶಿ ಕಂಪನಿಗಳ ದುಬಾರಿ ಬಾಟಲಿಗಳ ವಿವರಣೆಯಲ್ಲಿ “ಮೈಸೂರು ಸ್ಯಾಂಡಲ್‌ವುಡ್” ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಅದು ನಮ್ಮ ನಾಡಿನ ಗಂಧವೇ?
(ಎಂಜಿನಿಯರಿಂಗ್ ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಬಹುತೇಕ ಸಂದರ್ಭಗಳಲ್ಲಿ ಅದು ಒಂದು ಬಗೆಯ ಪರಿಮಳದ ಹೆಸರಾಗಿ ಬಂದಿರುತ್ತದೆ, ಊರಿನ ಹೆಸರಾಗಿ ಅಲ್ಲ. ಹೆಸರು ಹೀಗೆ ನಿಂತುಹೋಗುವುದಕ್ಕೆ ಕಾರಣವಿದೆ. ಟಿಪ್ಪು ಸುಲ್ತಾನ 1792ರಲ್ಲಿ ಶ್ರೀಗಂಧವನ್ನು ರಾಜವೃಕ್ಷವೆಂದು ಘೋಷಿಸಿದಂದಿನಿಂದ ಮೈಸೂರು ಸಂಸ್ಥಾನದಲ್ಲಿ ಆ ಮರ ಸರ್ಕಾರದ ಸೊತ್ತಾಯಿತು. ಕೊರಡುಗಳು ಹಡಗೇರಿ ಯುರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. ಮೊದಲ ಮಹಾಯುದ್ಧ ಆ ದಾರಿಯನ್ನು ಮುಚ್ಚಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಮೈಸೂರಿನಲ್ಲೇ ಗಂಧದೆಣ್ಣೆಯ ಕಾರ್ಖಾನೆ ಶುರುವಾಯಿತು. 1918ರಲ್ಲಿ ಮೈಸೂರು ಸ್ಯಾಂಡಲ್ ಸೋಪು ಬಂದಿತು. ಜಗತ್ತಿನ ಪರ್ಫ್ಯೂಮ್ ತಯಾರಕರು ಒಳ್ಳೆಯ ಗಂಧದೆಣ್ಣೆ ಎಂದರೆ ಮೈಸೂರಿನದು ಎಂದು ಅಳೆಯುವ ರೂಢಿ ಹೀಗೆ ಬಲಿಯಿತು.

ಇಂದು ಆ ಬಾಟಲಿಯೊಳಗೆ ಇರಬಹುದಾದದ್ದು ಮೂರು ಬಗೆ. ನಮ್ಮದೇ ಜಾತಿಯ ಮರವನ್ನು ಆಸ್ಟ್ರೇಲಿಯದ ಕುನುನುರ್ರಾದಂಥ ಕಡೆ ತೋಟ ಮಾಡಿ ಬೆಳೆಸಿ ತೆಗೆದ ಎಣ್ಣೆ ಒಂದು. ಆಸ್ಟ್ರೇಲಿಯಕ್ಕೇ ಸೇರಿದ ಬೇರೊಂದು ಗಂಧದ ಜಾತಿಯ ಎಣ್ಣೆ ಇನ್ನೊಂದು. ಅದರಲ್ಲಿ ಸ್ಯಾಂಟಲಾಲ್ ಕಡಿಮೆ, ಕಂಪು ಒರಟು, ಒಣ. ಮೂರನೆಯದು ಪ್ರಯೋಗಶಾಲೆಯಲ್ಲಿ ತಯಾರಾದ ಜಾವನಾಲ್, ಎಬನಾಲ್, ಸ್ಯಾಂಡಲೋರ್, ಪಾಲಿಸ್ಯಾಂಟಾಲ್ ಮೊದಲಾದ ದ್ರವ್ಯಗಳು, ಇವೇ ಹೆಚ್ಚು. ಕೃತಕವೆಂದ ಮಾತ್ರಕ್ಕೆ ನಾನು ಇವನ್ನು ಹಳಿಯುವುದಿಲ್ಲ. ಕಾಡಿನ ಮರ ಅಳಿವಿನ ಅಂಚಿಗೆ ಬಂದಿರುವಾಗ ಇವುಗಳಿಂದ ಅದಕ್ಕೆ ಒಂದಿಷ್ಟು ಉಸಿರು ಸಿಕ್ಕಿದೆ. ಚೆನ್ನಾಗಿ ಬೆರೆಸಿದವರ ಕೈಯಲ್ಲಿ ಪರಿಮಳವೂ ಸೊಗಸಾಗಿ ಬರುತ್ತದೆ. ನಿಮ್ಮ ಹಣ ಯಾವುದಕ್ಕೆ ಹೋಗುತ್ತಿದೆ ಎಂಬುದು ತಿಳಿದಿರಲಿ, ಅಷ್ಟೆ. ಇನ್ನೊಂದು ವಿಚಿತ್ರವೆಂದರೆ ಇಂಥ ಕೆಲವು ದ್ರವ್ಯಗಳು ಕೆಲವರ ಮೂಗಿಗೆ ಹತ್ತುವುದೇ ಇಲ್ಲ. ಗೆಳೆಯನ ಮೈಮೇಲೆ ಎಲ್ಲರೂ ಹೊಗಳುವ ಬಾಟಲಿ ನಿಮಗೆ ಬರೀ ನೀರೆನಿಸಿದರೆ ಅದನ್ನು ಕೊಳ್ಳಬೇಡಿ. ನಿಮಗೇ ಕಾಣದ್ದನ್ನು ಎಷ್ಟು ಹಚ್ಚಬೇಕೆಂದು ನಿಮಗೆ ತಿಳಿಯುವುದಿಲ್ಲ.

ಪ್ರಶ್ನೆ: ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಬೆಳಿಗ್ಗೆ ಶ್ರೀಗಂಧದ ಸೆಂಟು ಹಾಕಿಕೊಂಡರೆ ಹತ್ತು ಗಂಟೆಗೆಲ್ಲ ಅದು ಹೋಗಿಬಿಟ್ಟಿದೆ ಎನಿಸಿ, ಕೌಂಟರಿನಲ್ಲಿ ಕೂರುವ ಮೊದಲು ಮತ್ತೊಮ್ಮೆ ಸಿಂಪಡಿಸಿಕೊಳ್ಳುತ್ತೇನೆ. ಆದರೆ ಪಕ್ಕದ ಕೌಂಟರಿನ ಅಕ್ಕ, “ನಿನಗಿಂತ ಮೊದಲ ನಿನ್ನ ಸೆಂಟ್ ಒಳಗ ಬರ್ತದ ನೋಡವಾ” ಎನ್ನುತ್ತಾರೆ. ಗದಗಿನ ಬಿಸಿಲಿಗೆ ಬೆವರೂ ಜಾಸ್ತಿ. ಎಲ್ಲಿ, ಎಷ್ಟು, ಹೇಗೆ ಹಾಕಿಕೊಳ್ಳಬೇಕು?
(ಓದುಗರು, ಗದಗ)

ಉತ್ತರ: ಅಕ್ಕನ ಮಾತು ನಿಜ, ನಿಮಗೆ ಹಾಗೆ ಅನಿಸಿದ್ದೂ ನಿಜ. ಒಂದೇ ವಾಸನೆಯನ್ನು ಎಡೆಬಿಡದೆ ಉಣಿಸಿದರೆ ಮೂಗು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಟ್ಟುಬಿಡುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯೊಳಗೆ ಕಾಲಿಟ್ಟ ಹೊಸಬರು ಸೀನುತ್ತ ನಿಲ್ಲುವಾಗ, ಅಲ್ಲಿಯೇ ದುಡಿಯುವವರು ಆರಾಮವಾಗಿ ಚೀಲ ಹೊಲಿಯುತ್ತಿರುವುದನ್ನು ನೀವು ಕಂಡಿರಬಹುದು. ಶ್ರೀಗಂಧ ಸದ್ದಿಲ್ಲದ ಪರಿಮಳವಾದ್ದರಿಂದ ಮೂಗು ಅದನ್ನು ಬೇಗ ಮರೆಯುತ್ತದೆ, ಆದರೆ ಮೈಮೇಲೆ ಅದು ಹಾಗೆಯೇ ಇರುತ್ತದೆ. ನೀವು ಹತ್ತು ಗಂಟೆಗೆ ಹಾಕಿಕೊಂಡದ್ದು ಮೊದಲಿನದರ ಮೇಲೆ ಬಿದ್ದು ಅಕ್ಕನ ಪಾಲಿಗೆ ಇಮ್ಮಡಿಯಾಯಿತು.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಹಲವು ವರ್ಷಗಳ ಹಿಂದೆ ಧಾರವಾಡದಲ್ಲಿ ಒಂದು ಸಂಗೀತದ ಬೈಠಕ್ಕಿಗೆ ಹೋಗುವಾಗ, ಸಾಲದೆಂದು ಮೂರು ಸಲ ಅತ್ತರು ತೀಡಿಕೊಂಡು ಹೋಗಿ ಜಮಖಾನೆಯ ಮೇಲೆ ಕುಳಿತೆ. ವಿಲಂಬಿತ ಖಯಾಲ್ ಇನ್ನೂ ಏರುತ್ತಿದ್ದಂತೆಯೇ ಪಕ್ಕದಲ್ಲಿದ್ದ ಹಿರಿಯರು ಕರವಸ್ತ್ರವನ್ನು ಮೂಗಿಗೆ ಹಿಡಿದು, ಒಂದು ಮಾತನ್ನೂ ಆಡದೆ, ಕಂಬದ ಆಚೆಗೆ ಸರಿದು ಕುಳಿತರು. ಅಂದಿನಿಂದ ನನ್ನ ಅಳತೆ ಒಂದು: ಕೈಕುಲುಕುವಷ್ಟು ಹತ್ತಿರ ಬಂದವರಿಗೆ ತಿಳಿಯಬೇಕು, ಪಕ್ಕದ ಕುರ್ಚಿಗೆ ತಿಳಿಯಬಾರದು.

ಹಚ್ಚುವ ಕ್ರಮ ಹೇಳುತ್ತೇನೆ. ಸ್ನಾನ ಮಾಡಿ ಮೈ ಒರೆಸಿಕೊಂಡ ಕೂಡಲೇ, ಚರ್ಮ ಇನ್ನೂ ತುಸು ಹಸಿಯಾಗಿರುವಾಗ, ವಾಸನೆಯಿಲ್ಲದ ಕ್ರೀಮನ್ನೋ ಒಂದು ಹನಿ ಬಾದಾಮಿ ಎಣ್ಣೆಯನ್ನೋ ಸವರಿಕೊಳ್ಳಿ. ಒಣ ಚರ್ಮದ ಮೇಲೆ ಪರಿಮಳ ನಿಲ್ಲುವುದಿಲ್ಲ. ಎಣ್ಣೆಯ ಪಸೆ ಇದ್ದರೆ ಹಿಡಿದುಕೊಳ್ಳುತ್ತದೆ. ಅನಂತರ ಕೊರಳ ಕೆಳಗಿನ ಎಲುಬಿನ ಬಳಿ ಒಂದು, ಮೊಣಕೈಯ ಒಳಮಡಿಕೆಗೆ ಒಂದು ಸಿಂಪಡಿಕೆ ಸಾಕು. ಅತ್ತರಾದರೆ ಕಡ್ಡಿಯ ತುದಿಗೆ ಹತ್ತಿದಷ್ಟೇ. ಮಣಿಕಟ್ಟಿಗೆ ಹಚ್ಚಿಕೊಂಡರೆ ಒಂದಕ್ಕೊಂದು ಉಜ್ಜಬೇಡಿ, ಉಜ್ಜಿದ ಬಿಸಿಗೆ ಮೇಲಿನ ಹಗುರ ಪರಿಮಳಗಳು ಬೇಗ ಹಾರುತ್ತವೆ. ನೋಟು ಎಣಿಸುವ, ಸ್ಯಾನಿಟೈಸರ್ ಹಾಕಿಕೊಳ್ಳುವ ಕೈಗಳಿಗಂತೂ ಅದು ವ್ಯರ್ಥ. ಕಂಕುಳಿಗೆ ಹಾಕಲೇಬಾರದು: ಶ್ರೀಗಂಧಕ್ಕೆ ಬೆವರಿನ ವಾಸನೆಯನ್ನು ಮುಚ್ಚುವ ಶಕ್ತಿಯಿಲ್ಲ, ಅದರ ಜೊತೆ ಕೂಡಿಕೊಂಡು ಮೂರನೆಯದೊಂದನ್ನು ಹುಟ್ಟಿಸುತ್ತದೆ. ಬೆವರಿಗೆ ಸ್ನಾನ, ಒಗೆದ ಹತ್ತಿಬಟ್ಟೆಗಳೇ ಪರಿಹಾರ.

ಏಪ್ರಿಲ್, ಮೇ ತಿಂಗಳ ಗದಗಿನ ಬಿಸಿಲಿಗೆ ಪರಿಮಳ ಬೇಗನೆ ಎದ್ದು ಹರಡುತ್ತದೆ. ಆಗ ಅಳತೆಯನ್ನು ಅರ್ಧಕ್ಕೆ ಇಳಿಸಿ, ಲಾವಂಚ ಬೆರೆತ ಒಣ ಗಂಧವನ್ನು ಆರಿಸಿ. ಧಾರವಾಡದ ಜಿಟಿಜಿಟಿ ಮಳೆಗಾಲಕ್ಕೆ, ಚಳಿಯ ಬೆಳಗಿಗೆ ಹಾಲುಗಂಧವೂ ಅಗರು ಬೆರೆತದ್ದೂ ಚೆನ್ನಾಗಿ ಒಪ್ಪುತ್ತವೆ. ಬಾಟಲಿಯ ಮೇಲೆ ಓ ದ ಪರ್ಫ್ಯೂಮ್ ಎಂದಿದ್ದರೆ ಅದರಲ್ಲಿ ಸುಗಂಧದ ಪಾಲು ಸಾಮಾನ್ಯವಾಗಿ ಶೇಕಡಾ 15ರಿಂದ 20. ಓ ದ ಟಾಯ್ಲೆಟ್ ಎಂದಿದ್ದರೆ ಅದಕ್ಕಿಂತ ಕಡಿಮೆ. ಬ್ಯಾಂಕಿನ ಕೆಲಸಕ್ಕೆ ಎರಡನೆಯದೇ ಲೇಸು.

ಸೀರೆಯ ವಿಷಯ ಕೇಳಿಲ್ಲವಾದರೂ ಹೇಳಿಬಿಡುತ್ತೇನೆ. ಇಳಕಲ್ ಸೀರೆಯ ರೇಷ್ಮೆ ಸೆರಗಿಗೆ ನೇರವಾಗಿ ಸಿಂಪಡಿಸಿದರೆ ಕಲೆ ಉಳಿಯಬಹುದು. ಅತ್ತರು ಅದ್ದಿದ ಅರಳೆಯನ್ನು ಕಾಗದದಲ್ಲಿ ಸುತ್ತಿ, ಸೀರೆಗೆ ತಾಗದಂತೆ ಕಪಾಟಿನ ಮೂಲೆಯಲ್ಲಿಟ್ಟರೆ ಒಂದು ವಾರದಲ್ಲಿ ಇಡೀ ಮಡಿಕೆಗೆ ಕಂಪು ಹತ್ತುತ್ತದೆ.

ಪ್ರಶ್ನೆ: ನಮ್ಮ ಹೊಲದ ಬದುವಿನಲ್ಲಿ ಎಂಟು ವರ್ಷದ ಹಿಂದೆ ನೆಟ್ಟ ಎರಡು ಶ್ರೀಗಂಧದ ಗಿಡಗಳಿವೆ. ಗಾಳಿಗೆ ಮುರಿದ ಕೊಂಬೆಯನ್ನು ಒಣಗಿಸಿ ತೇಯ್ದರೆ ಒಂದಿಷ್ಟೂ ವಾಸನೆ ಇಲ್ಲ. ಸಸಿ ಕೊಟ್ಟವರು ಬೇರೆ ಗಿಡ ಕೊಟ್ಟರೇ? ಮುಂದೆ ಇದರಿಂದ ಮನೆಮಟ್ಟಿಗೆ ಎಣ್ಣೆ ತೆಗೆಯಬಹುದೇ?
(ರೈತರು, ಹಾವೇರಿ ಜಿಲ್ಲೆ)

ಉತ್ತರ: ಗಿಡದ ಮೇಲೆ ಸಂಶಯ ಬೇಡ. ಶ್ರೀಗಂಧದ ಎಲೆ, ತೊಗಟೆ, ಕೊಂಬೆ, ಹೊರಗಿನ ಬಿಳಿ ಕಟ್ಟಿಗೆ ಯಾವುದಕ್ಕೂ ಪರಿಮಳವಿಲ್ಲ. ಎಣ್ಣೆ ಇರುವುದು ನಡುವಿನ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಚೇಗು ಕಟ್ಟತೊಡಗುವುದೇ ಹತ್ತು ವರ್ಷದ ಆಸುಪಾಸಿನಲ್ಲಿ, ಒಳ್ಳೆಯ ಎಣ್ಣೆ ಕೂಡಬೇಕಾದರೆ ಇಪ್ಪತ್ತೈದು ಮೂವತ್ತು ವರ್ಷ ಬೇಕು. ಶ್ರೀಗಂಧ ತನ್ನ ಬೇರನ್ನು ಪಕ್ಕದ ಗಿಡದ ಬೇರಿಗೆ ಕಚ್ಚಿಸಿ ಅನ್ನ ಪಡೆಯುವ ಅರೆ ಪರಾವಲಂಬಿಯಾದ್ದರಿಂದ ಹತ್ತಿರದಲ್ಲಿ ತೊಗರಿ, ಹೊಂಗೆ, ಬೇವುಗಳಿದ್ದರೆ ಚೆನ್ನಾಗಿ ಬರುತ್ತದೆ. ಬದುವನ್ನು ಶುಚಿ ಮಾಡುವ ಹುಮ್ಮಸ್ಸಿನಲ್ಲಿ ಅವನ್ನು ಕಡಿಯಬೇಡಿ. ಕರ್ನಾಟಕ ಅರಣ್ಯ ಕಾಯ್ದೆಗೆ 2001ರಲ್ಲಿ ಆದ ತಿದ್ದುಪಡಿಯಿಂದ ನಿಮ್ಮ ಜಮೀನಿನ ಶ್ರೀಗಂಧದ ಒಡೆತನ ನಿಮ್ಮದೇ ಆಗಿದೆ. ಆದರೆ ಕಡಿಯುವುದಕ್ಕೂ ಸಾಗಿಸುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು, ಮನೆಯಲ್ಲಿ ಬಟ್ಟಿ ಇಳಿಸುವ ಯೋಚನೆಯನ್ನು ಬಿಡಿ. ಅಲ್ಲಿಯವರೆಗೆ ಮನೆಗೆ ಪರಿಮಳ ಬೇಕೆಂದರೆ ನಿಮ್ಮ ಹಾವೇರಿಯ ಯಾಲಕ್ಕಿ ಹಾರ ಇದ್ದೇ ಇದೆಯಲ್ಲ.

ಪ್ರಶ್ನೆ: ಗಂಧದೆಣ್ಣೆಯನ್ನು ನೇರವಾಗಿ ಕತ್ತಿಗೆ ಹಚ್ಚಿಕೊಂಡಾಗ ನನಗೆ ಕೆಂಪಗೆ ದದ್ದು ಎದ್ದಿತು. ಶುದ್ಧ ಎಣ್ಣೆಯಿಂದಲೂ ಹೀಗಾಗುವುದೇ?
(ಓದುಗರು, ರಾಣೆಬೆನ್ನೂರು)

ಉತ್ತರ: ಆಗಬಹುದು, ಶುದ್ಧವಾದದ್ದೆಲ್ಲ ಎಲ್ಲರ ಚರ್ಮಕ್ಕೂ ಒಗ್ಗುತ್ತದೆ ಎಂದೇನಿಲ್ಲ. ಎಣ್ಣೆಯನ್ನು ಹಾಗೆಯೇ ಹಚ್ಚದೆ ನೂರು ಹನಿ ಬಾದಾಮಿ ಎಣ್ಣೆಗೆ ಎರಡು ಹನಿಯಂತೆ ಬೆರೆಸಿ. ಅದನ್ನು ಮೊಣಕೈಯ ಒಳಬದಿಗೆ ಕಾಸಿನಗಲ ಸವರಿ ಎರಡು ದಿನ ಕಾಯಿರಿ. ನವೆ, ಕೆಂಪು ಕಾಣದಿದ್ದರೆ ಮಾತ್ರ ಮುಂದುವರಿಯಿರಿ. ಈಗಿನ ದದ್ದು ಪೂರ್ತಿ ಮಾಯುವವರೆಗೆ ಯಾವ ಪರಿಮಳವನ್ನೂ ಮುಟ್ಟಬೇಡಿ, ಮಾಯದಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ. ಎಳೆಯ ಮಕ್ಕಳಿಗೆ ಈ ಎಣ್ಣೆಯ ಪ್ರಯೋಗ ಬೇಡವೇ ಬೇಡ. ಸೀಸೆಯನ್ನು ಬಚ್ಚಲಮನೆಯ ಗೂಡಿನಲ್ಲಿ ಇಡುವ ರೂಢಿ ನಿಮ್ಮಲ್ಲೂ ಇದ್ದರೆ ಅದನ್ನು ಕಪಾಟಿನ ಕತ್ತಲೆಗೆ ವರ್ಗಾಯಿಸಿ. ಬಿಸಿ, ಬೆಳಕುಗಳಿಗೆ ಹಳಸಿದ ಪರಿಮಳ ಚರ್ಮಕ್ಕೂ ಒಳ್ಳೆಯದಲ್ಲ.

ಪ್ರಶ್ನೆ: ನಾಲ್ಕಾರು ಬಾಟಲಿ ಕೊಂಡು ನೋಡಿದೆ, ಚಿಕ್ಕಂದಿನಲ್ಲಿ ಅಜ್ಜಿ ದೇವರ ಪೂಜೆಗೆ ತೇಯುತ್ತಿದ್ದ ಗಂಧದ ಪರಿಮಳ ಯಾವುದರಲ್ಲೂ ಇಲ್ಲ. ಅಜ್ಜಿಯ ಕೊರಡು, ಸಾಣೆಕಲ್ಲು ಎರಡೂ ದೇವರ ಮನೆಯಲ್ಲಿವೆ. ಆದರೆ ಕೊರಡಿನ ವಾಸನೆ ಹೋಗಿಬಿಟ್ಟಿದೆ. ಹೊಸದು ಕೊಳ್ಳಲೇ?
(ಓದುಗರು, ಮಾಳಮಡ್ಡಿ, ಧಾರವಾಡ)

ಉತ್ತರ: ನಿಮಗೆ ನೆನಪಿರುವುದು ಶ್ರೀಗಂಧ ಒಂದರದೇ ವಾಸನೆಯಲ್ಲ. ಅದರಲ್ಲಿ ಒದ್ದೆ ಕಲ್ಲಿತ್ತು, ಕರ್ಪೂರವಿತ್ತು, ಸೇವಂತಿಗೆ ಮತ್ತು ದವನ ಇದ್ದವು, ತುಪ್ಪದ ದೀಪವಿತ್ತು, ಬಹುಶಃ ಅಜ್ಜಿಯ ಮಡಿಸೀರೆಯೂ ಇತ್ತು. ಮದ್ಯಸಾರದಲ್ಲಿ ಕರಗಿಸಿ ಸಿಂಪಡಿಸುವ ಬಾಟಲಿಯಿಂದ ಅದನ್ನು ನಿರೀಕ್ಷಿಸುವುದು ಆ ಬಾಟಲಿಗೇ ಅನ್ಯಾಯ. ತೇಯ್ದ ಗಂಧದ ಕಂಪಿಗೆ ಇನ್ನೊಂದು ಕಾರಣವೂ ಇದೆ: ಎಣ್ಣೆ ನೀರಿನಲ್ಲಿ ಕರಗದೆ, ನುಣ್ಣಗಾದ ಚೇಗಿನ ಕಣಗಳಲ್ಲೇ ಉಳಿದು, ಒದ್ದೆ ಇರುವಷ್ಟು ಹೊತ್ತು ತಂಪಾಗಿ ಬಿಟ್ಟುಕೊಳ್ಳುತ್ತದೆ. ಆರಿದ ಮೇಲೆ ಹಣೆಯ ಮೇಲೆ ಬಣ್ಣವಿದ್ದರೂ ಕಂಪು ತಗ್ಗುವುದು ಇದರಿಂದಲೇ.

ದೇವರ ಮನೆಯಲ್ಲಿರುವುದು ಶ್ರೀಗಂಧವೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ತೇಯ್ದಾಗ ಕೆಂಪಗೆ ಬಂದರೆ ಅದು ರಕ್ತಚಂದನ, ಬೇರೆಯೇ ಮರ, ಅದಕ್ಕೆ ಹೇಳಿಕೊಳ್ಳುವಂಥ ಪರಿಮಳವಿಲ್ಲ. ಕೆಲವು ಮನೆಗಳಲ್ಲಿ ನಾಮಕ್ಕೆ ಬಳಸುವ ಗೋಪೀಚಂದನವಂತೂ ಮಣ್ಣು, ಹೆಸರಿನಲ್ಲಷ್ಟೇ ಚಂದನ. ತೆಳುಹಳದಿಯ ಕೆನೆಬಣ್ಣ ಬಂದರೆ ನಿಮ್ಮದು ಶ್ರೀಗಂಧ, ಅದರ ವಾಸನೆ ಹೋಗಿರುವುದು ಮೇಲ್ಮೈಯಲ್ಲಿ ಮಾತ್ರ. ವರ್ಷಗಟ್ಟಲೆ ದೀಪದ ಹೊಗೆ, ಧೂಳು, ಎಣ್ಣೆಯ ಕೈ ತಾಗಿ ಕೊರಡಿನ ಮುಖ ಕಟ್ಟಿಕೊಂಡಿದೆ; ಒಳಗಿನ ಚೇಗಿನಲ್ಲಿ ಎಣ್ಣೆ ಹತ್ತಾರು ವರ್ಷ ಹಾಗೆಯೇ ಇರುತ್ತದೆ. ಹೊಸದನ್ನು ಕೊಳ್ಳುವ ಅಗತ್ಯವಿಲ್ಲ.

ಸಾಣೆಕಲ್ಲನ್ನು ಸೋಪು ಹಾಕದೆ ಬರೀ ನೀರಿನಲ್ಲಿ ತೊಳೆಯಿರಿ. ಕೊರಡನ್ನು ನೆನೆಯಿಡಬೇಡಿ. ಕಲ್ಲಿನ ಮೇಲೆ ನಾಲ್ಕೇ ಹನಿ ನೀರು ಬಿಟ್ಟು, ಕೊರಡನ್ನು ನೆಟ್ಟಗೆ ಹಿಡಿದು, ಹಗುರವಾದ ಒತ್ತಿನಲ್ಲಿ ಸುತ್ತಾಗಿ ತೇಯಿರಿ. ಮೊದಲು ಬರುವ ನೀರು ಕಪ್ಪುಕಪ್ಪಾಗಿರುತ್ತದೆ, ಅದಕ್ಕೆ ಗಾಬರಿಯಾಗಬೇಡಿ. ಆ ಮೊದಲ ಹತ್ತು ಸುತ್ತಿನದನ್ನು ತುಳಸಿಗಿಡದ ಬುಡಕ್ಕೆ ಚೆಲ್ಲಿ, ಮತ್ತೆ ನಾಲ್ಕು ಹನಿ ನೀರು ಬಿಟ್ಟು, ಹನ್ನೊಂದನೆಯ ಸುತ್ತಿನಿಂದ ಮೂಸಿ ನೋಡಿ.